ದೇವರ ಪೇಟೆಯಲ್ಲಿ ನಿಮ್ಮ ಬಂಡವಾಳ



ಮ್ಯೂಚುವಲ್ ಫಂಡಿನ ಜಾಹೀರಾತು ಮುಗಿಯುವ ಹೊತ್ತಿಗೆ ಒಬ್ಬಾತ ಉಸಿರು ಬಿಡದೆ ಓದಿ ಮುಗಿಸುವ ಎಚ್ಚರಿಕೆಯ ಮಾತು ನಿಮಗೆಲ್ಲ ಬಾಯಿಪಾಠವಾಗಿರಬೇಕು. ಹೂಡಿಕೆಯಲ್ಲಿ ಅಪಾಯವುಂಟು, ಕಾಗದಪತ್ರಗಳನ್ನೆಲ್ಲ ಸರಿಯಾಗಿ ಓದಿಕೊಂಡು ಹಣ ಹಾಕಿ ಎಂಬುದು ಅದರ ಸಾರ. ಐನೂರು ರೂಪಾಯಿ ಹಾಕುವವನಿಗೂ ಈ ಎಚ್ಚರಿಕೆ ಹೇಳಲೇಬೇಕು. ಆದರೆ ಇಡೀ ಜನ್ಮವನ್ನೇ ಹೂಡುವ ಇನ್ನೊಂದು ಪೇಟೆಯಿದೆ. ಅಲ್ಲಿ ಕೂಸು ತೊಟ್ಟಿಲಲ್ಲಿ ಮಲಗಿರುವಾಗಲೇ ಅದರ ಹೆಸರಿನಲ್ಲಿ ಖಾತೆ ತೆರೆದುಬಿಡುತ್ತಾರೆ. ಅವಧಿ ಎಷ್ಟು, ನಡುವೆ ಹಿಂತೆಗೆಯಬಹುದೇ, ಲಾಭ ಬರುವುದು ಈ ಜನ್ಮದಲ್ಲೋ ಮುಂದಿನದರಲ್ಲೋ, ಯಾರೂ ಹೇಳುವುದಿಲ್ಲ. ಬಾಗಿಲಲ್ಲಿ ತೂಗುಹಾಕಿರುವ ಎಚ್ಚರಿಕೆಯ ಫಲಕ ಒಂದೇ: 'ಚಪ್ಪಲಿಗಳಿಗೆ ನೀವೇ ಜವಾಬ್ದಾರರು.'

ನಿಮ್ಮಲ್ಲಿ ಬಹಳ ಮಂದಿ ಲೆಕ್ಕದ ಜನ. ತಂದೆಯವರು ಊರು ಬಿಟ್ಟು ಬಂದು ಹೋಟೆಲಿನ ಗಲ್ಲಾದಲ್ಲೋ ಬ್ಯಾಂಕಿನ ಕೌಂಟರಿನಲ್ಲೋ ದುಡಿದರು, ರಾತ್ರಿ ಶಾಲೆಯಲ್ಲಿ ಓದಿದರು. ನೀವು ಸಿ.ಎ., ಎಂ.ಬಿ.ಎ. ಮಾಡಿಕೊಂಡು ಮೊದಲ ಸಂಬಳದಿಂದಲೇ ತಿಂಗಳ ಕಂತಿನ ಹೂಡಿಕೆ ಆರಂಭಿಸಿದಿರಿ. ಒಂದು ಷೇರು ಕೊಳ್ಳುವ ಮುನ್ನ ಕಂಪನಿಯ ಸಾಲವೆಷ್ಟು, ಆಡಳಿತ ಯಾರ ಕೈಯಲ್ಲಿದೆ, ಹಿಂದಿನ ಐದು ವರ್ಷ ಲಾಭ ಹೇಗಿತ್ತು ಎಂದು ಜಾಲಾಡುತ್ತೀರಿ. ಅದೇ ನೀವು, ಶನಿವಾರ ಉಗುರು ಕತ್ತರಿಸಬಾರದು ಎಂದು ಅಜ್ಜಿ ಹೇಳಿದರೆ ಒಂದು ಪ್ರಶ್ನೆಯನ್ನೂ ಕೇಳದೆ ಒಪ್ಪುತ್ತೀರಿ. ಇಲ್ಲವೇ ಒಂದು ಪ್ರಶ್ನೆಯನ್ನೂ ಕೇಳದೆ ತಳ್ಳಿಹಾಕುತ್ತೀರಿ. ಎರಡೂ ಒಂದೇ ಸೋಮಾರಿತನದ ಎರಡು ಮುಖ.

ಆದ್ದರಿಂದ ಈ ಸಲ ಒಂದು ಪ್ರಯೋಗ ಮಾಡೋಣ. ಹೂಡಿಕೆಯ ಕನ್ನಡಕ ಹಾಕಿಕೊಂಡು ನಮ್ಮ ನಂಬಿಕೆಗಳನ್ನೊಮ್ಮೆ ನೋಡೋಣ. ದೇವರನ್ನು ಲೆಕ್ಕದ ಪುಸ್ತಕಕ್ಕೆ ಇಳಿಸುವುದು ಅಪಚಾರವೆಂದು ಗಾಬರಿಯಾಗುವುದು ಬೇಡ. ನಮ್ಮ ವ್ಯಾಪಾರಿಗಳು ಹೊಸ ಖಾತೆಪುಸ್ತಕದ ಮೊದಲ ಪುಟದ ನೆತ್ತಿಯ ಮೇಲೆ 'ಶ್ರೀ' ಎಂದು ಬರೆದೇ ಮುಂದಿನ ಸಾಲಿಗೆ ಹೋಗುವವರು. ಅಂದಮೇಲೆ ದೇವರು ಆ ಪುಸ್ತಕದಲ್ಲಿ ನಮಗಿಂತ ಮೊದಲೇ ಇದ್ದಾನೆ.

ಎರಡು ಆಲದ ಮರಗಳು

1850ರ ದಶಕದಲ್ಲಿ ಮುಂಬಯಿಯ ಷೇರು ದಲಾಳಿಗಳಿಗೆ ಸ್ವಂತ ಕಟ್ಟಡವಿರಲಿಲ್ಲ. ಟೌನ್ ಹಾಲಿನ ಎದುರು, ಈಗಿನ ಹಾರ್ನಿಮನ್ ಸರ್ಕಲಿನ ಆಸುಪಾಸಿನಲ್ಲಿ, ಆಲದ ಮರಗಳ ನೆರಳಲ್ಲಿ ನಿಂತು ಕೂಗಾಡಿ ವ್ಯಾಪಾರ ಮಾಡುತ್ತಿದ್ದರು. 1875ರಲ್ಲಿ ಅವರು ಒಂದು ಸಂಘ ಕಟ್ಟಿಕೊಂಡರು. ಅದೇ ಬೆಳೆದು ದಲಾಲ್ ಸ್ಟ್ರೀಟಿನ ಷೇರುಪೇಟೆಯಾಯಿತು. ನಮ್ಮ ಪುರಾಣದಲ್ಲಿಯೂ ಆಲದ ಮರದ ಕೆಳಗೆ ಒಬ್ಬ ಕುಳಿತಿದ್ದಾನೆ. ಅವನು ದಕ್ಷಿಣಾಮೂರ್ತಿ. ಹರೆಯದ ಗುರು, ಎದುರಿಗೆ ಮುದುಕರಾದ ಶಿಷ್ಯರು. ಗುರು ತುಟಿ ಬಿಚ್ಚುವುದಿಲ್ಲ, ಶಿಷ್ಯರ ಸಂಶಯಗಳೆಲ್ಲ ತೀರಿಹೋಗುತ್ತವೆ. ಒಂದು ಮರದ ಕೆಳಗೆ ಗದ್ದಲ ಹೆಚ್ಚಿದಷ್ಟೂ ವ್ಯವಹಾರ ಕುದುರುತ್ತಿತ್ತು. ಇನ್ನೊಂದರ ಕೆಳಗೆ ಮೌನವೇ ಪಾಠ. ನಮ್ಮಂಥ ಸಂಸಾರಿಗಳ ಓಡಾಟವೆಲ್ಲ ಈ ಎರಡು ಮರಗಳ ನಡುವೆ.

ವಾರದ ಏಳು ದಿನದ ಹಂಚಿಕೆ

ಹೂಡಿಕೆಯ ಮೊದಲ ಪಾಠ, ಇದ್ದದ್ದನ್ನೆಲ್ಲ ಒಂದೇ ಕಡೆ ಸುರಿಯಬೇಡ ಎಂಬುದು. ನಮ್ಮ ಮಾತಿನಲ್ಲಿ ಹೇಳುವುದಾದರೆ, ತಂದ ತೆಂಗಿನಕಾಯಿಗಳನ್ನೆಲ್ಲ ಒಂದೇ ಗುಡಿಯಲ್ಲಿ ಒಡೆಯಬೇಡ. ಈ ಪಾಠವನ್ನು ಮುಂಬಯಿಯವರಿಗೆ ಯಾವ ಅರ್ಥಶಾಸ್ತ್ರಜ್ಞನೂ ಕಲಿಸಬೇಕಾಗಿಲ್ಲ. ಸೋಮವಾರ ಬಾಬುಲನಾಥ. ಮಂಗಳವಾರ ಪ್ರಭಾದೇವಿಯ ಸಿದ್ಧಿವಿನಾಯಕ. ಬುಧವಾರ ಮಾಹೀಮಿನ ಇಗರ್ಜಿಯಲ್ಲಿ ನೊವೇನಾ. ಮೇಣದ ಬತ್ತಿ ಹಿಡಿದ ಸಾಲಿನಲ್ಲಿ ಕುಂಕುಮವಿಟ್ಟ ಹಣೆಗಳಿಗೂ ಕೊರತೆಯಿಲ್ಲ. ಗುರುವಾರ ಸಾಯಿಬಾಬಾ. ಶುಕ್ರವಾರ ಮಹಾಲಕ್ಷ್ಮಿ, ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲೇ ಹಾಜಿ ಅಲಿ ದರ್ಗಾ, ಹಾಗಾಗಿ ಒಂದೇ ಬಸ್ ಟಿಕೇಟಿನಲ್ಲಿ ಎರಡು ಹೂಡಿಕೆ. ಶನಿವಾರ ಮಾರುತಿಗೆ ಎಣ್ಣೆ, ಸಂಜೆ ಶನಿಗ್ರಂಥ ಪಾರಾಯಣ. ಭಾನುವಾರ ಪೇಟೆಗೆ ರಜೆ. ಮೇ ತಿಂಗಳಲ್ಲಿ ಊರಿಗೆ ಹೋದಾಗ ನಾಗನಿಗೆ ತಂಬಿಲ, ಭೂತಕ್ಕೆ ಕೋಲ, ಕುಲದೇವರಿಗೆ ಕಾಣಿಕೆ. ಇವು ಮುತ್ತಜ್ಜನ ಕಾಲದ ಗಟ್ಟಿ ಷೇರುಗಳು, ಮಾರುವ ಮಾತೇ ಎತ್ತುವಂತಿಲ್ಲ.

ಇದನ್ನು ಓದಿ ನೀವು ನಗಬಹುದು. ನಗಿ, ತೊಂದರೆಯಿಲ್ಲ. ಆದರೆ ಒಂದು ಸಂಗತಿಯನ್ನು ಗಮನಿಸಿ. ಅಪಾಯ ಹಂಚಿಹಾಕುವ ಲೆಕ್ಕದಿಂದ ಮಾಹೀಮಿನ ಸಾಲಿನಲ್ಲಿ ನಿಂತವನು, ಮುಂದೆ ನಿಂತ ಮುದುಕಿಯ ಮೊಣಕಾಲು ನೋವಿನ ಕಥೆ ಕೇಳುತ್ತಾನೆ, ಹಿಂದೆ ನಿಂತವನ ಮಗನಿಗೆ ಇನ್ನೂ ಕೆಲಸ ಸಿಕ್ಕಿಲ್ಲವೆಂದು ತಿಳಿದು ಮರುಗುತ್ತಾನೆ. ಬೇರೆ ದೇವರ ಮನೆಯಲ್ಲಿಯೂ ತನ್ನಂಥದೇ ಕಷ್ಟದವರು ನಿಂತಿದ್ದಾರೆಂಬ ಅರಿವು ಅವನು ಲೆಕ್ಕ ಹಾಕದೇ ಬಂದ ಲಾಭ. ನಮ್ಮ ಧರ್ಮಸ್ಥಳವನ್ನೇ ನೋಡಿ: ದೇವರು ಶಿವ, ಪೂಜೆ ಮಾಡುವವರು ಮಾಧ್ವರು, ಆಡಳಿತ ನಡೆಸುವ ಹೆಗ್ಗಡೆ ಮನೆತನ ಜೈನರದು. ಹಂಚಿಕೆಯ ಸೂತ್ರವನ್ನು ದಲಾಲ್ ಸ್ಟ್ರೀಟು ಕಂಡುಹಿಡಿಯಿತೆಂದು ಯಾರಾದರೂ ಹೇಳಿದರೆ ನಂಬಬೇಡಿ.

ದೇವರಿಗೂ ವಿಮೆ ಮಾಡಿಸುವ ಊರು ನಮ್ಮದು. ಕಿಂಗ್ಸ್ ಸರ್ಕಲಿನಲ್ಲಿ ಜಿ.ಎಸ್.ಬಿ. ಸೇವಾ ಮಂಡಲದವರು ಕೂರಿಸುವ ಗಣಪತಿಯ ಹಬ್ಬಕ್ಕೆ 2022ರಲ್ಲಿ ಸುಮಾರು 316 ಕೋಟಿ ರೂಪಾಯಿ, 2024ರಲ್ಲಿ ಸುಮಾರು 400 ಕೋಟಿ ರೂಪಾಯಿಯ ವಿಮೆ ಇಳಿಸಿದ ಸುದ್ದಿಯನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ವಿಘ್ನನಿವಾರಕನಿಗೇ ವಿಘ್ನದ ಭಯವೇ ಎಂದು ಕೆಲವರು ಕುಹಕವಾಡಿದರು. ಆದರೆ ಕುಹಕಿಗಳು ಕಾಗದವನ್ನು ಪೂರ್ತಿ ಓದಲಿಲ್ಲ. ಆ ಮೊತ್ತದ ಬಹುಪಾಲು ಇದ್ದದ್ದು ಚಿನ್ನದ ಕಿರೀಟಕ್ಕಾಗಿ ಅಲ್ಲ. ಅಡಿಗೆಯವರು, ಪುರೋಹಿತರು, ಸ್ವಯಂಸೇವಕರು ಮುಂತಾದವರ ಅಪಘಾತ ವಿಮೆಗೆ. ಸುಡುವ ಸಾರಿನ ಕೊಪ್ಪರಿಗೆ ಹೊರುವವನ ಕೈಕಾಲಿನ ಚಿಂತೆ ಮಾಡುವ ಭಕ್ತಿಗೆ ಲೆಕ್ಕಾಚಾರ ಗೊತ್ತಿದೆಯೆಂದೇ ಅರ್ಥ.

ಮನೆಯ ಹಳೆಯ ಯೋಜನೆಗಳು

ತಿಂಗಳ ಕಂತಿನ ಹೂಡಿಕೆ ಹೊಸದೆಂದು ನೀವು ತಿಳಿದಿದ್ದೀರಿ. ನಿಮ್ಮ ಅಜ್ಜಿಗೆ ಅದು ಮುಡಿಪು. ಅರಿಸಿನದ ಬಟ್ಟೆಯಲ್ಲಿ ಕಟ್ಟಿ ದೇವರ ಮುಂದಿಟ್ಟ ಗಂಟು. ಕೈಯಲ್ಲಿ ಕಾಸು ಆಡಿದಾಗಲೆಲ್ಲ ಒಂದಿಷ್ಟು ಅದಕ್ಕೆ ಸೇರಬೇಕು. ಮನೆಯಲ್ಲಿ ಎಷ್ಟೇ ಬಿಕ್ಕಟ್ಟಾದರೂ ಅದನ್ನು ಬಿಚ್ಚುವಂತಿಲ್ಲ. ಇಷ್ಟು ಬಿಗಿಯಾದ ಅವಧಿ ಕಟ್ಟುಪಾಡನ್ನು ಯಾವ ಫಂಡಿನವರೂ ಇನ್ನೂ ತಂದಿಲ್ಲ.

ಎರಡನೆಯದು ಹರಕೆ. ಇದು ಕೆಲಸವಾದ ಮೇಲೆ ಕಮಿಷನ್ ಕೊಡುವ ಒಪ್ಪಂದ. ಮಗಳ ಮದುವೆಯಾದರೆ ತುಲಾಭಾರ, ಮಗನಿಗೆ ವೀಸಾ ಸಿಕ್ಕರೆ ಮುಡಿ ಕೊಡುವುದು. ಗಮನಿಸಿ, ಬಹಳಷ್ಟು ಹರಕೆಗಳಲ್ಲಿ ಮುಂಗಡವಿಲ್ಲ. ಕೆಲಸವಾಗದಿದ್ದರೆ ದೇವರಿಗೆ ಬಿಡಿಗಾಸೂ ಇಲ್ಲ. ಇಂಥ ಷರತ್ತಿಗೆ ಯಾವ ವಕೀಲನೂ ಒಪ್ಪಲಾರ. ದೇವರು ಮಾತ್ರ ಶತಮಾನಗಳಿಂದ ಒಪ್ಪಿಕೊಂಡು ಬಂದಿದ್ದಾನೆ.

ಮೂರನೆಯದು ಶಾಶ್ವತ ಪೂಜೆ. ಒಮ್ಮೆ ಇಡುಗಂಟು ಕಟ್ಟಿಬಿಟ್ಟರೆ ಅದರ ಬಡ್ಡಿಯಿಂದ ಪ್ರತಿವರ್ಷ ನಿಮ್ಮ ಹೆಸರಿನಲ್ಲಿ ನಿಗದಿಯಾದ ದಿನ ಅರ್ಚನೆ. ಸೂರ್ಯಚಂದ್ರರಿರುವವರೆಗೆ ನಡೆಯಬೇಕಾದ ಈ ಯೋಜನೆಗೆ ಬೆಲೆಯೇರಿಕೆಯೇ ಶತ್ರು. ಎಂದೋ ಅಜ್ಜ ಕಟ್ಟಿದ ನೂರೊಂದು ರೂಪಾಯಿಯ ವರ್ಷದ ಬಡ್ಡಿಯಲ್ಲಿ ಇಂದು ಒಂದು ತೆಂಗಿನಕಾಯಿ ಬಾರದು. ಆದರೂ ಎಷ್ಟೋ ಗುಡಿಗಳಿಂದ ವರ್ಷಕ್ಕೊಮ್ಮೆ ಲಕೋಟೆಯಲ್ಲಿ ಕುಂಕುಮ ಪ್ರಸಾದ ಬರುತ್ತಲೇ ಇರುತ್ತದೆ. ಆ ಕೊರತೆಯನ್ನು ಯಾರು ತುಂಬಿದರು? ಗುಡಿಗೆ ಬಂದ ಯಾರೋ ಹೆಸರಿಲ್ಲದ ಭಕ್ತನ ಹುಂಡಿಯ ಕಾಸು ತುಂಬಿರಬೇಕು. ನಿಮ್ಮ ಅಜ್ಜನ ಪುಣ್ಯದ ಖಾತೆಯನ್ನು ಅಪರಿಚಿತರು ನಡೆಸುತ್ತಿದ್ದಾರೆ.

ಇನ್ನು ತಿಮ್ಮಪ್ಪನ ಕಥೆ ನಿಮಗೆ ಗೊತ್ತೇ ಇದೆ. ಪದ್ಮಾವತಿಯನ್ನು ಮದುವೆಯಾಗಲು ಕುಬೇರನಲ್ಲಿ ಸಾಲ ಮಾಡಿದ, ಕಲಿಯುಗ ಮುಗಿಯುವವರೆಗೂ ಬಡ್ಡಿ ಕಟ್ಟುತ್ತಿದ್ದಾನೆ, ನಾವು ಹುಂಡಿಗೆ ಹಾಕುವುದೆಲ್ಲ ಆ ಬಡ್ಡಿಗೆ ಎನ್ನುತ್ತದೆ ಸ್ಥಳಪುರಾಣ. ಲೋಕದಲ್ಲಿ ಸಿರಿವಂತ ದೇವರೆಂದು ಹೆಸರಾದವನೇ ಸಾಲಗಾರ! ಮನೆಸಾಲದ ಕಂತು ಕಟ್ಟುವ ಮಧ್ಯಮವರ್ಗದವರಿಗೆ ಆತನ ಮೇಲೆ ಅಷ್ಟು ಪ್ರೀತಿ ಯಾಕೆಂದು ಬೇರೆ ಹೇಳಬೇಕಾಗಿಲ್ಲ.

ಪ್ಯಾರಿಸಿನ ಪಂದ್ಯಗಾರ

ನಂಬಿಕೆಯನ್ನು ಬರೀ ಲೆಕ್ಕದಿಂದಲೇ ಆರಿಸಿಕೊಳ್ಳಬಹುದೆಂದು ಗಂಭೀರವಾಗಿ ವಾದಿಸಿದವನೊಬ್ಬ ಫ್ರಾನ್ಸಿನಲ್ಲಿದ್ದ. ಹೆಸರು ಬ್ಲೇಸ್ ಪಾಸ್ಕಲ್ (1623-1662). ಇಂದು ಷೇರುಪೇಟೆಯವರು ಉಪಯೋಗಿಸುವ ಸಂಭವನೀಯತೆಯ ಗಣಿತಕ್ಕೆ, 1654ರಲ್ಲಿ ಆತ ಫರ್ಮಾ ಎಂಬ ಇನ್ನೊಬ್ಬ ಗಣಿತಜ್ಞನೊಡನೆ ನಡೆಸಿದ ಪತ್ರವ್ಯವಹಾರವೇ ಅಡಿಪಾಯ. ಜೂಜಾಟ ನಡುವೆಯೇ ನಿಂತುಹೋದರೆ ಪಣದ ಹಣವನ್ನು ಹಂಚುವುದು ಹೇಗೆ ಎಂಬುದು ಆ ಪತ್ರಗಳ ವಿಷಯ.

ಅದೇ ಲೆಕ್ಕವನ್ನು ಆತ ದೇವರಿಗೂ ಹಚ್ಚಿದ. ಅವನು ತೀರಿಕೊಂಡ ಮೇಲೆ, 1670ರಲ್ಲಿ ಅಚ್ಚಾದ ಟಿಪ್ಪಣಿಗಳಲ್ಲಿ ಆ ವಾದವಿದೆ. ದೇವರಿದ್ದಾನೆಂದು ನಂಬಿ, ಆತ ನಿಜವಾಗಿಯೂ ಇದ್ದರೆ, ನಿಮಗೆ ಕೊನೆಯಿಲ್ಲದ ಲಾಭ. ನಂಬಿ, ಆತ ಇಲ್ಲದೇ ಹೋದರೆ, ಒಂದಿಷ್ಟು ಸುಖ ಹೋಯಿತು, ಅಷ್ಟೇ ನಷ್ಟ. ಲಾಭ ಅನಂತ, ನಷ್ಟಕ್ಕೆ ಮಿತಿಯುಂಟು. ಜಾಣನಾದವನು ಎತ್ತ ಪಣ ಕಟ್ಟುತ್ತಾನೆ ನೀವೇ ಹೇಳಿ ಎಂದ. ನಂಬಿಕೆ ಬರುವುದೇ ಇಲ್ಲವಲ್ಲ ಎನ್ನುವವರಿಗೂ ಆತನಲ್ಲಿ ಉಪಾಯವಿತ್ತು: ನಂಬಿದವರಂತೆಯೇ ನಡೆದುಕೊಳ್ಳುತ್ತಾ ಹೋಗಿ, ಅಭ್ಯಾಸದಿಂದ ನಂಬಿಕೆ ತಾನಾಗಿ ಬರುತ್ತದೆ.

ಕೇಳುವುದಕ್ಕೆ ಚೆನ್ನಾಗಿದೆ. ಆದರೆ ನೂರು ವರ್ಷ ತುಂಬುವ ಮೊದಲೇ ಅವನ ನಾಡಿನವನೇ ಆದ ದಿದೆರೋ ಅದಕ್ಕೊಂದು ತೂತು ಹುಡುಕಿದ. ಒಬ್ಬ ಇಮಾಮನೂ ಇದೇ ವಾದ ಹೂಡಬಹುದಲ್ಲ ಎಂದು ಕೇಳಿದ. ಅನಂತ ಲಾಭ ಕೊಡುತ್ತೇನೆನ್ನುವ ಕಂಪನಿ ಒಂದೇ ಇದ್ದರೆ ಲೆಕ್ಕ ಸುಲಭ. ಹತ್ತು ಕಂಪನಿಗಳು ಅನಂತ ಲಾಭವನ್ನೇ ಸಾರುತ್ತಿದ್ದರೆ ಗಣಿತ ಕೈಚೆಲ್ಲಿ ಕೂರುತ್ತದೆ. ನಮ್ಮ ದೇಶದಲ್ಲಂತೂ ಒಂದೊಂದು ಬೀದಿಯಲ್ಲೂ ಹತ್ತು ಶಾಖೆಗಳಿವೆ. ಇನ್ನೊಂದು ತೊಡಕೂ ಇದೆ. ಲಾಭಕ್ಕಾಗಿಯೇ ನಂಬಿದವನ ನಂಬಿಕೆಯನ್ನು ದೇವರು ಒಪ್ಪುತ್ತಾನೆಯೇ? ಆಸ್ತಿಯ ಮೇಲೆ ಕಣ್ಣಿಟ್ಟು ಅತ್ತೆಯ ಕಾಲೊತ್ತುವ ಅಳಿಯನನ್ನು ಅತ್ತೆ ಗುರುತಿಸುತ್ತಾಳೆ. ದೇವರಿಗೆ ಅಷ್ಟಾದರೂ ಬುದ್ಧಿ ಇರಬೇಡವೇ?

ನನಗೆ ಪಾಸ್ಕಲನ ಪಣಕ್ಕಿಂತ ಹೆಚ್ಚು ಹಿಡಿಸಿದ್ದು ಅವನ ಬಸ್ಸು. 1662ರಲ್ಲಿ, ಸಾಯುವುದಕ್ಕೆ ಕೆಲವೇ ತಿಂಗಳ ಮುಂಚೆ, ಆತ ಪಾಲುದಾರರೊಡನೆ ಪ್ಯಾರಿಸಿನಲ್ಲಿ ಗೊತ್ತಾದ ದಾರಿ, ಗೊತ್ತಾದ ದರದ ಕುದುರೆ ಬಂಡಿಗಳನ್ನು ಓಡಿಸಿದ. ನಮ್ಮ ಬೆಸ್ಟ್ ಬಸ್ಸಿನ ಹಿರಿಯಣ್ಣ ಎನ್ನಿ. ಆ ಕಂಪನಿಯಲ್ಲಿ ತನ್ನ ಪಾಲಿಗೆ ಬರಲಿದ್ದ ಲಾಭದ ಮೇಲೆ ಮುಂಗಡ ಪಡೆದು, ಬ್ಲುವಾ ಪ್ರಾಂತ್ಯದಲ್ಲಿ ಹಸಿದಿದ್ದ ಬಡವರಿಗೆ ಕಳುಹಿಸಲು ಆತ ಹವಣಿಸಿದನೆಂದು ಅವನ ಅಕ್ಕ ಬರೆದಿಟ್ಟಿದ್ದಾಳೆ. ಕಾಗದದ ಮೇಲೆ ಅನಂತದ ಲೆಕ್ಕ ಮಾಡಿದವನು, ನಿಜವಾದ ಹಣ ಕೈಗೆ ಬರುವ ಮೊದಲೇ ಅದನ್ನು ಕೊಟ್ಟುಬಿಡುವ ದಾರಿ ಹುಡುಕುತ್ತಿದ್ದ.

ಖಚಿತ ಲಾಭದ ಭರವಸೆ

ಇಲ್ಲಿಯವರೆಗೆ ನಕ್ಕಿದ್ದಾಯಿತು. ಈಗ ಹೂಡಿಕೆಯ ವಿದ್ಯೆ ನಿಜಕ್ಕೂ ನಿಮ್ಮನ್ನು ಕಾಪಾಡುವ ಜಾಗಕ್ಕೆ ಬರೋಣ.

1988ರಲ್ಲಿ ಹುಟ್ಟಿ 1992ರಲ್ಲಿ ಶಾಸನಬದ್ಧ ಅಧಿಕಾರ ಪಡೆದ ಸೆಬಿ ಹೂಡಿಕೆದಾರರಿಗೆ ಮತ್ತೆ ಮತ್ತೆ ಹೇಳುವ ಮಾತೊಂದಿದೆ: ಷೇರಿನಲ್ಲಿ ಖಚಿತ ಲಾಭದ ಭರವಸೆ ಕೊಡುವವನ ಬಳಿ ಸುಳಿಯಬೇಡಿ. ಈ ಒಂದು ಸೂತ್ರವನ್ನು ದೇವರ ಪೇಟೆಗೂ ಅನ್ವಯಿಸಿ ನೋಡಿ. ಇಪ್ಪತ್ತೊಂದು ದಿನದಲ್ಲಿ ಸಂತಾನ, ಹನ್ನೊಂದು ವಾರದಲ್ಲಿ ಕೋರ್ಟಿನ ತೀರ್ಪು ನಿಮ್ಮ ಕಡೆ, ಈ ಯಂತ್ರ ಗೋಡೆಗೆ ಹೊಡೆದರೆ ಅಂಗಡಿಗೆ ಗಿರಾಕಿ ಎಂದು ಬರೆದುಕೊಡುವವರನ್ನು ಕಂಡರೆ ನೀವು ಏನು ಮಾಡಬೇಕೆಂದು ಬೇರೆ ಹೇಳಬೇಕೇ? ಲೆಕ್ಕ ತೋರಿಸಿ ಎಂದು ಕೇಳಿ. ಕೇಳಿದ್ದಕ್ಕೆ ಸಿಡುಕಿದರೆ ಉತ್ತರ ಸಿಕ್ಕಿತೆಂದು ತಿಳಿಯಿರಿ. ಸೋತವರ ಕಥೆ ಎಲ್ಲಿದೆ ಎಂದೂ ಕೇಳಿ. ಹರಕೆ ಫಲಿಸಿದವನು ಊರಿಗೆಲ್ಲ ಸಾರುತ್ತಾನೆ, ಫಲಿಸದವನು ಮನೆಯಲ್ಲಿ ಬಾಯಿಮುಚ್ಚಿ ಕೂರುತ್ತಾನೆ. ಮುಳುಗಿದ ಕಂಪನಿಗಳನ್ನು ಪಟ್ಟಿಯಿಂದ ತೆಗೆದುಹಾಕಿ ಸರಾಸರಿ ಲಾಭ ತೋರಿಸುವ ದಲಾಳಿಯ ಚಮತ್ಕಾರವೂ ಇದೇ.

ಎಲ್ಲಕ್ಕಿಂತ ಮುಖ್ಯವಾಗಿ, ಹೊರಬರುವ ಶುಲ್ಕವೆಷ್ಟು ಎಂದು ಕೇಳಿ. 'ಇಷ್ಟು ವರ್ಷ ಮಾಡಿಕೊಂಡು ಬಂದು ಈಗ ನಿಲ್ಲಿಸಿದರೆ ಮನೆಗೆ ಕೆಡುಕು' ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತದೆ. ಒಳ್ಳೆಯ ಹೂಡಿಕೆ ತನ್ನ ಗುಣದಿಂದ ನಿಮ್ಮನ್ನು ಉಳಿಸಿಕೊಳ್ಳುತ್ತದೆ. ಹೆದರಿಸಿ ಉಳಿಸಿಕೊಳ್ಳುವ ಆಚರಣೆಯಲ್ಲಿ ದೇವರ ಪಾಲು ಎಷ್ಟು, ಮಧ್ಯವರ್ತಿಯ ಪಾಲು ಎಷ್ಟು ಎಂದು ವಿಚಾರಿಸಲೇಬೇಕು.

ಹೀಗೆ ಕೇಳುವುದನ್ನು ನಮ್ಮ ನಾಡಿನಲ್ಲಿ ಬದುಕಿನ ವ್ರತವಾಗಿಸಿಕೊಂಡವರು ಎಚ್. ನರಸಿಂಹಯ್ಯನವರು (1920-2005). ಭೌತಶಾಸ್ತ್ರದ ಮೇಷ್ಟ್ರು, ಖಾದಿ ಪಂಚೆ, ಗಾಂಧಿ ಟೋಪಿ. ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯೇ ಮನೆ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿಯನ್ನೇ ರಚಿಸಿದರು. ಸ್ವಂತಕ್ಕೆ ಬಿಡಿಗಾಸನ್ನೂ ಮಾಡಿಕೊಳ್ಳದ ಮನುಷ್ಯ ಕೇಳಿದ ಪ್ರಶ್ನೆಯಾದ್ದರಿಂದ ಅದಕ್ಕೆ ತೂಕವಿತ್ತು.

ಈ ಪ್ರಶ್ನೆಗೆ ಪ್ರಾಣವನ್ನೇ ತೆತ್ತವರೂ ಇದ್ದಾರೆ. ಮೂಢನಂಬಿಕೆಯ ವಿರುದ್ಧ ಊರೂರು ತಿರುಗಿದ ಡಾ. ನರೇಂದ್ರ ದಾಭೋಳ್ಕರರನ್ನು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಬೆಳಗಿನ ನಡಿಗೆಯ ಹೊತ್ತಿನಲ್ಲಿ ಗುಂಡಿಕ್ಕಿ ಕೊಂದರು. ಅವರು ವರ್ಷಗಟ್ಟಲೆ ಕೇಳಿಕೊಂಡು ಬಂದಿದ್ದ ಕಾನೂನು ಅದೇ ವರ್ಷ ಮಹಾರಾಷ್ಟ್ರದಲ್ಲಿ ಬಂತು. ವಚನಗಳ ವಿದ್ವಾಂಸರಾದ ಡಾ. ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಅವರ ಮನೆಯಲ್ಲೇ ಕೊಂದರು. ಷೇರಿನ ಬಗ್ಗೆ ಪ್ರಶ್ನೆ ಕೇಳಿದರೆ ದಲಾಳಿ ಹೆಚ್ಚೆಂದರೆ ಫೋನ್ ಇಡುತ್ತಾನೆ. ನಂಬಿಕೆಯ ಬಗ್ಗೆ ಕೇಳುವ ಪ್ರಶ್ನೆಗೆ ಇಷ್ಟು ಬೆಲೆ ತೆರಬೇಕಾದ ಕಾಲದಲ್ಲಿ ನೀವು ಬೆಳೆದಿದ್ದೀರಿ. ಆದ್ದರಿಂದಲೇ ನಿಮ್ಮ ಪ್ರಶ್ನೆಯನ್ನು ನೀವು ಹಗುರವಾಗಿ ಬಿಟ್ಟುಕೊಡಬಾರದು. ಬೇರೆಯವರ ನಂಬಿಕೆಯ ಮುಂದೆ ನಿಂತಾಗ ಹಗುರವಾಗಿ ನಾಲಗೆ ಹರಿಬಿಡಲೂ ಬಾರದು.

ಲೆಕ್ಕ ಬಲ್ಲವರು ಮಾಡಿದ್ದೇನು?

ಈಗ ಬಹಳ ಕುತೂಹಲದ ಸಂಗತಿಗೆ ಬರುತ್ತೇನೆ. ನಮ್ಮ ಭಕ್ತಿಪರಂಪರೆಯ ದೊಡ್ಡ ಹೆಸರುಗಳಲ್ಲಿ ಕೆಲವು ಹಣದ ವ್ಯವಹಾರವನ್ನು ಅರೆದು ಕುಡಿದವರದು.

ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಬಿಜ್ಜಳನ ಭಂಡಾರಿ. ಇಂದಿನ ಮಾತಿನಲ್ಲಿ ಖಜಾನೆಯ ಮುಖ್ಯಸ್ಥರು. ಹಣ ಹಲವು ಕೈ ಸೇರಬೇಕೆಂದವರು ದೇವರ ವಿಷಯದಲ್ಲಿ ಮಾತ್ರ ಹಂಚಿಕೆಯನ್ನು ಒಪ್ಪಲಿಲ್ಲ. ಒಬ್ಬನೇ ದೇವರು ಎಂದು ಬಿಗಿಯಾಗಿ ಹಿಡಿದರು. ದುಡಿಮೆಗೆ ಕಾಯಕವೆಂದೂ ಅದರ ಫಲವನ್ನು ಸಮಾಜಕ್ಕೆ ಸಲ್ಲಿಸುವುದಕ್ಕೆ ದಾಸೋಹವೆಂದೂ ಶರಣರು ಕರೆದರು. ಇದೇ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಎಂಬ ಶರಣರಿದ್ದರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಕಾಳುಗಳನ್ನು ಆಯ್ದು ತರುವುದು ಅವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಹೆಂಡತಿ ಲಕ್ಕಮ್ಮ ಸಂತೋಷಪಡಲಿಲ್ಲ. ಇಷ್ಟೊಂದು ಆಸೆ ನಮಗೇಕೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಹಿಂದಕ್ಕೆ ಕಳುಹಿಸಿದಳು. ಲಾಭ ಹೆಚ್ಚಾಯಿತೆಂದು ಗಂಡನನ್ನು ಗದರಿಸಿದ ಹೂಡಿಕೆದಾರಳ ಹೆಸರು ಯಾವ ವಾಣಿಜ್ಯ ಪಠ್ಯದಲ್ಲೂ ಇಲ್ಲ. ನಮ್ಮ ಸಾಹಿತ್ಯದಲ್ಲಿದೆ.

ಪುಣೆಯ ಕನ್ನಡಿಗರಿಗೆ ಪುರಂದರಗಡ ಹತ್ತಿರ. ಪುರಂದರದಾಸರು ಅಲ್ಲಿಯವರೆಂಬ ಪ್ರತೀತಿಯಿದೆ. ಮಲೆನಾಡಿನವರೆಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಎಲ್ಲಿಯವರಾದರೂ ಅವರು ನವಕೋಟಿ ನಾರಾಯಣ ಎನಿಸಿಕೊಂಡ ಶ್ರೀನಿವಾಸ ನಾಯಕರು, ಚಿನ್ನದ ವ್ಯಾಪಾರಿ, ಕೈಬಿಗಿ ಮನುಷ್ಯ. ಬೇಡಲು ಬಂದ ಬಡ ಬ್ರಾಹ್ಮಣನಿಗೆ ಹೆಂಡತಿ ಸರಸ್ವತೀಬಾಯಿ ತನ್ನ ಮೂಗುತಿಯನ್ನೇ ಕೊಟ್ಟಳು. ಅದು ಗಿರವಿಗಾಗಿ ಗಂಡನ ಅಂಗಡಿಗೇ ಬಂತು. ಮುಂದಿನದು ನಿಮಗೆ ಗೊತ್ತು. ಇದ್ದದ್ದನ್ನೆಲ್ಲ ದಾನಮಾಡಿ ಅವರು ವ್ಯಾಸರಾಯರ ಶಿಷ್ಯರಾದರು. ತಂಬೂರಿ ಹಿಡಿದ ಮೇಲೂ ವ್ಯಾಪಾರದ ಭಾಷೆ ಮಾತ್ರ ಅವರನ್ನು ಬಿಡಲಿಲ್ಲ. ಹರಿನಾಮವನ್ನು ಕಲ್ಲುಸಕ್ಕರೆಯಂತೆ ಬೀದಿಯಲ್ಲಿ ಮಾರಲು ಹೊರಟರು.

ಮುಂಬಯಿಯಲ್ಲಿಯೇ ಇನ್ನೊಂದು ಸಾಕ್ಷಿ ನಿಂತಿದೆ. ಫೋರ್ಟಿನಲ್ಲಿ ವಿಶ್ವವಿದ್ಯಾಲಯದ ರಾಜಾಬಾಯಿ ಗೋಪುರವನ್ನು ನೀವು ನೂರು ಸಲ ನೋಡಿದ್ದೀರಿ. ಅಮೆರಿಕದ ಅಂತರ್ಯುದ್ಧದಿಂದಾಗಿ ಹತ್ತಿಯ ಬೆಲೆ ಗಗನಕ್ಕೇರಿ ಮುಂಬಯಿಗೆ ಷೇರಿನ ಹುಚ್ಚು ಹಿಡಿದ ಕಾಲವದು. ಆ ಹುಚ್ಚಿನ ಅರಸ ಪ್ರೇಮಚಂದ್ ರಾಯಚಂದ್. ಆತ 1864ರಲ್ಲಿ ತಾಯಿಯ ಹೆಸರಿನಲ್ಲಿ ಗೋಪುರ ಕಟ್ಟಲು ದಾನ ಕೊಟ್ಟ. 1865ರಲ್ಲಿ ಯುದ್ಧ ನಿಂತಿತು, ಪೇಟೆ ಕುಸಿಯಿತು, ಆತನ ಸಂಪತ್ತೂ ಕರಗಿತು. ಗೋಪುರ ಮಾತ್ರ 1878ರ ಹೊತ್ತಿಗೆ ಎದ್ದು ನಿಂತಿತು. ಕಣ್ಣು ಮಂಜಾಗಿದ್ದ ಜೈನ ತಾಯಿ ಸೂರ್ಯಾಸ್ತಕ್ಕೆ ಮುಂಚೆ ಉಣ್ಣುವ ನೇಮ ತಪ್ಪದಿರಲೆಂದು ಗಂಟೆಯ ದನಿ ಕೇಳಿಸಲು ಕಟ್ಟಿಸಿದ್ದೆಂಬ ಕಥೆ ಜನರ ಬಾಯಲ್ಲಿದೆ. ಇಟ್ಟುಕೊಂಡ ಕಾಗದಗಳು ರದ್ದಿಯಾದವು. ಕೊಟ್ಟದ್ದು ಈಗಲೂ ಗಂಟೆ ಹೊಡೆಯುತ್ತಿದೆ.

ಪಿತ್ರಾರ್ಜಿತ, ಸ್ವಯಾರ್ಜಿತ

ಹಾಗಾದರೆ ನೀವೇನು ಮಾಡಬೇಕು? ಪುರಂದರದಾಸರಂತೆ ಫ್ಲ್ಯಾಟು ಮಾರಿ ತಂಬೂರಿ ಹಿಡಿಯಿರಿ ಎಂದರೆ ನಿಮ್ಮ ತಾಯಿ ಈ ಪತ್ರಿಕೆಯನ್ನು ಮನೆಯೊಳಗೆ ಬಿಟ್ಟುಕೊಳ್ಳಲಾರರು. ಚಿಕ್ಕದೊಂದು ಕೆಲಸ ಸಾಕು.

ಎಷ್ಟೋ ಮನೆಗಳಲ್ಲಿ ಅಪ್ಪನ ಟ್ರಂಕಿನ ತಳದಲ್ಲಿ ಹಳೆಯ ಷೇರು ಪತ್ರಗಳು ಸಿಗುತ್ತವೆ. ಹಳದಿಗಟ್ಟಿದ ಕಾಗದ, ಮಾಸಿದ ಸಹಿ. 2019ರ ಏಪ್ರಿಲ್ 1ರಿಂದ ಅಂಥವನ್ನು ಕಾಗದದ ರೂಪದಲ್ಲೇ ಇನ್ನೊಬ್ಬರಿಗೆ ವರ್ಗಾಯಿಸುವುದಕ್ಕೆ ಸೆಬಿ ತಡೆ ಹಾಕಿತು. ಏಳು ವರ್ಷ ಸತತವಾಗಿ ಲಾಭಾಂಶವನ್ನು ಯಾರೂ ಕೇಳಿ ಪಡೆಯದಿದ್ದರೆ, 2013ರ ಕಂಪನಿ ಕಾಯಿದೆಯ ಪ್ರಕಾರ ಆ ಷೇರುಗಳು ಸರಕಾರದ ಹೂ‌ಡಿಕೆದಾರರ ರಕ್ಷಣಾ ನಿಧಿಗೆ ಹೋಗುತ್ತವೆ. ಆಸ್ತಿ ನಿಮ್ಮದೇ. ಆದರೆ ಯಾರದು, ಎಲ್ಲಿಂದ ಬಂತು ಎಂದು ವಿಚಾರಿಸಿ, ಕಾಗದ ಕೂಡಿಸಿ, ನಿಮ್ಮ ಹೆಸರಿಗೆ ಮಾಡಿಸಿಕೊಳ್ಳುವ ಶ್ರಮ ಪಡದಿದ್ದರೆ ಅದು ನಿಮ್ಮದಾಗಿಯೂ ನಿಮ್ಮದಲ್ಲ.

ಮನೆಯ ನಂಬಿಕೆಗಳೂ ಆ ಟ್ರಂಕಿನೊಳಗೇ ಇವೆ. ಕುಲದೇವರ ಹೆಸರು ಮದುವೆಯ ಮಾತುಕತೆಯ ದಿನ ಮಾತ್ರ ನೆನಪಾಗುತ್ತದೆ. ಗೌರಿ ಹಬ್ಬದ ಬಾಗಿನದಲ್ಲಿ ಏನೇನಿರಬೇಕೆಂದು ಅಮ್ಮನಿಗೊಬ್ಬರಿಗೇ ಗೊತ್ತು. ಆಸ್ತಿಯ ವಿಷಯದಲ್ಲಿ ನಮ್ಮವರು ಪಿತ್ರಾರ್ಜಿತ, ಸ್ವಯಾರ್ಜಿತ ಎಂದು ಎರಡು ಬಗೆ ಹೇಳುತ್ತಾರೆ. ನಂಬಿಕೆ ಬರುವುದು ಪಿತ್ರಾರ್ಜಿತವಾಗಿ. ಅದನ್ನು ಸ್ವಯಾರ್ಜಿತ ಮಾಡಿಕೊಳ್ಳುವುದು ನಿಮ್ಮ ಪಾಲಿನ ದುಡಿಮೆ. ಹಿರಿಯರು ಇರುವಾಗಲೇ ಪಕ್ಕದಲ್ಲಿ ಕುಳಿತು ಕೇಳಿ: ಇದನ್ನು ಯಾಕೆ ಮಾಡುತ್ತೀರಿ? ನಿಮಗೆ ಇದರಿಂದ ಏನು ಸಿಕ್ಕಿತು? ಯಾವಾಗಲಾದರೂ ಅನುಮಾನ ಬಂದಿತ್ತೇ? ಕನ್ನಡದಲ್ಲಿಯೇ ಕೇಳಿ, ಆ ಉತ್ತರಗಳು ಇಂಗ್ಲಿಷಿಗೂ ಹಿಂದಿಗೂ ಪೂರ್ತಿ ಬಾರವು. ಕೆಲವಕ್ಕೆ 'ಹೆದರಿಕೆಯಿಂದ' ಎಂಬ ಉತ್ತರ ಬಂದೀತು. ಅವನ್ನು ಗೌರವದಿಂದ ಕೈಬಿಡಿ. ಕೆಲವಕ್ಕೆ 'ಅಪ್ಪ ಸತ್ತ ವರ್ಷ ಇದೇ ನನ್ನನ್ನು ಹಿಡಿದು ನಿಲ್ಲಿಸಿತು' ಎಂಬಂಥ ಉತ್ತರ ಬಂದೀತು. ಅದಕ್ಕೆ ಪೇಟೆಯಲ್ಲಿ ಬೆಲೆ ಕಟ್ಟುವವರಿಲ್ಲ; ಜೋಪಾನವಾಗಿ ನಿಮ್ಮ ಹೆಸರಿಗೆ ಬರೆಸಿಕೊಳ್ಳಿ. ಎಲ್ಲವನ್ನೂ ವಿಚಾರಿಸಿ, ನನಗೆ ಯಾವುದೂ ಬೇಡ ಎಂದು ತೀರ್ಮಾನಿಸುವ ಹಕ್ಕೂ ನಿಮಗಿದೆ. ಹೂಡದೆ ಕೈಯಲ್ಲಿ ಇಟ್ಟುಕೊಂಡ ಹಣವೂ ಒಂದು ನಿರ್ಧಾರವೇ. ವಿಚಾರಿಸದೆ ಬಿಟ್ಟದ್ದು ಮಾತ್ರ ಯಾರಿಗೂ ಸಲ್ಲದೆ ನಿಧಿಗೆ ಹೋಗುತ್ತದೆ.

1978-79ಕ್ಕೆ 100 ಎಂದು ಇಟ್ಟುಕೊಂಡ ಸೆನ್ಸೆಕ್ಸ್ 2024ರ ಜುಲೈನಲ್ಲಿ 80,000 ದಾಟಿತು. ಪುಣ್ಯಕ್ಕೆ ಇಂಥ ಸೂಚ್ಯಂಕವಿಲ್ಲ, ಸಂಜೆಯ ವಾರ್ತೆಯಲ್ಲಿ ಅದರ ಏರಿಳಿತ ಹೇಳುವವರಿಲ್ಲ. ನಂಬಿಕೆ ಎಷ್ಟು ಲಾಭ ತಂದಿತೆಂದು ನೋಡಲು ಇರುವ ದಾರಿ ಒಂದೇ: ಅದನ್ನು ಇಟ್ಟುಕೊಂಡ ಮೇಲೆ ನೀವು ಅಕ್ಕಪಕ್ಕದವರಿಗೆ ಹೇಗಾದಿರಿ ಎಂದು ಅಕ್ಕಪಕ್ಕದವರನ್ನೇ ಕೇಳುವುದು. ಆ ಲೆಕ್ಕಪರಿಶೋಧನೆಗೆ ಶುಲ್ಕವಿಲ್ಲ, ಕೇಳುವ ಧೈರ್ಯ ಬೇಕು ಅಷ್ಟೇ.

ಸದ್ಯಕ್ಕೆ ಈ ಭಾನುವಾರ ಪೇಟೆಗೆ ರಜೆ. ಅಮ್ಮ ಅಡಿಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿರಬಹುದು. ಒಂದು ಮಣೆ ಎಳೆದುಕೊಂಡು ಪಕ್ಕದಲ್ಲಿ ಕೂರಿ, ಮೊದಲ ಪ್ರಶ್ನೆ ಕೇಳಿ.